ಯಾರೂ ಹಾಡದ ಷಡ್ಜ

ಸಂಗೀತದ ಸಿಸ್ಟರಿಗೆ ಗಂಟಲಲ್ಲಿ ಗಂಟು ಎದ್ದಿದೆ, ದೀಪಾವಳಿ ಕಳೆಯುವವರೆಗೆ ಒಂದು ಮಾತೂ ಆಡಕೂಡದು ಎಂದು ತುಮಕೂರಿನ ಡಾಕ್ಟರು ಹೇಳಿ ಕಳಿಸಿದ್ದು ಆಷಾಢದ ಮೊದಲ ವಾರದಲ್ಲಿ. ಮಾರನೆಯ ಬೆಳಿಗ್ಗೆ ಶಾಲೆಯ ಮದರ್ ನನ್ನನ್ನು ಕರೆಸಿದರು. ಮಧುಗಿರಿಯ ಆ ಕಾನ್ವೆಂಟಿನಲ್ಲಿ ನಾನು ಹುಡುಗಿಯರಿಗೆ ಕನ್ನಡ ಕಲಿಸುತ್ತಿದ್ದೆ. ಕ್ರೈಸ್ತಳಲ್ಲ, ಕೊರಟಗೆರೆಯ ಶೈವ ಮನೆಯವಳು. ತಂದೆ ಬದುಕಿದ್ದಾಗ ತಂಬೂರಿ ಮೀಟಿಕೊಂಡು ಶಿವಸ್ತುತಿ ಹಾಡುತ್ತಿದ್ದರು, ಪಕ್ಕದಲ್ಲಿ ಕೂರಿಸಿಕೊಂಡು ನನಗೂ ಕಲಿಸಿದ್ದರು. ಅದು ಮದರ್‌ಗೆ ಗೊತ್ತಿತ್ತು.

ಹೊಸ ಪ್ರಾರ್ಥನಾಲಯದ ಗೋಡೆ ಏಳುತ್ತಿದ್ದ ಸಮಯ ಅದು. ಕಾರ್ತೀಕದಲ್ಲಿ ಬಿಷಪ್ಪರು ಬಂದು ಅದನ್ನು ಆಶೀರ್ವದಿಸುವವರಿದ್ದರು. ಅಂದು ಹಾಡಲೆಂದು ಸಿಸ್ಟರು ತಾವೇ ಒಂದು ಕನ್ನಡ ಗೀತೆ ಕಟ್ಟಿದ್ದರು. ಹದಿನೆಂಟು ಹುಡುಗಿಯರು ಎರಡು ಗುಂಪಾಗಿ, ಒಂದೇ ಹೊತ್ತಿನಲ್ಲಿ ಎರಡು ಬೇರೆ ಬೇರೆ ಸ್ವರಗಳಲ್ಲಿ ಹಾಡಬೇಕು. "ಸಿಸ್ಟರಿಗೆ ಧ್ವನಿ ಇಲ್ಲ. ನಿಮಗಿದೆ. ಈ ನಾಲ್ಕು ತಿಂಗಳು ನೀವು ಅವರ ಗಂಟಲಾಗಿ," ಎಂದರು ಮದರ್.

ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಏನನ್ನು ಎಂಬುದು ಮಾತ್ರ ತಿಳಿದಿರಲಿಲ್ಲ. ಇಬ್ಬರು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಹಾಡುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮಲ್ಲಿ ಹತ್ತು ಜನ ಸೇರಿ ಹಾಡಿದರೂ ಒಬ್ಬರೇ ಹಾಡಿದ ಹಾಗಿರಬೇಕು. ಇಲ್ಲದಿದ್ದರೆ ಅಪಸ್ವರ ಎಂದು ತಂದೆ ಕಣ್ಣು ಬಿಡುತ್ತಿದ್ದರು.

ಸಂಗೀತದ ತರಗತಿ ನಡೆಯುತ್ತಿದ್ದದ್ದು ಶಾಲೆಯ ಹಿಂದಿನ ಕಲ್ಲಿನ ಕೋಣೆಯಲ್ಲಿ. ಹಿಂದೆ ರಾಗಿ ತುಂಬಿಡುತ್ತಿದ್ದ ಕಣಜವಂತೆ ಅದು. ಗೋಡೆ ಕಲ್ಲು, ಮೇಲೆ ಹಾಸಿದ್ದೂ ಕಲ್ಲು. ಒಂದು ಮೂಲೆಯಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಹಾರ್ಮೋನಿಯಂ. ಸಿಸ್ಟರು ಮಂಗಳೂರಿನ ಕಡೆಯವರು, ನಲವತ್ತರ ಆಸುಪಾಸು, ಸಣಕಲು ಮೈ. ಹಾರ್ಮೋನಿಯಂ ಮುಂದೆ ಕೂತು, ಮಡಿಲಲ್ಲಿ ಸ್ಲೇಟು ಇಟ್ಟುಕೊಳ್ಳುತ್ತಿದ್ದರು. ಹೇಳಬೇಕಾದ್ದನ್ನು ಬರೆಯುವರು, ನಾನು ಓದಿ ಹುಡುಗಿಯರಿಗೆ ಹೇಳುವೆ.

ಮೊದಲ ದಿನ ಅವರು ಬರೆದದ್ದು: "ಇಂದು ಹಾಡುವುದಿಲ್ಲ. ಮಲಗಿಸಿ." ಹದಿನೆಂಟು ಹುಡುಗಿಯರೂ ಚಾಪೆಯ ಮೇಲೆ ಅಂಗಾತ ಮಲಗಿದರು. ಪ್ರತಿಯೊಬ್ಬಳ ಹೊಟ್ಟೆಯ ಮೇಲೂ ಒಂದು ಸ್ಲೇಟು. ಉಸಿರು ತೆಗೆದುಕೊಂಡಾಗ ಸ್ಲೇಟು ಏಳಬೇಕು, ಭುಜ ಏಳಬಾರದು. ಬಿಡುವಾಗ ಎಂಟು ಎಣಿಸುವವರೆಗೆ ಸ್ಲೇಟು ಒಂದೇ ಸಮನೆ ಇಳಿಯಬೇಕು. ಹುಡುಗಿಯರು ನಕ್ಕು ನಕ್ಕು ಸ್ಲೇಟುಗಳು ಉರುಳಿದವು. ಒಂದು ವಾರ ಅದೇ ಪಾಠ. ಎರಡನೆಯ ವಾರ ಗೋಡೆಗೆ ಸುಣ್ಣದಲ್ಲಿ ಏಣಿ ಬರೆದು, ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರದ ಹೆಸರು ಕೊಟ್ಟೆವು. ಪ್ರತಿ ಸ್ವರಕ್ಕೂ ಸಿಸ್ಟರ ಕೈಯಲ್ಲಿ ಒಂದು ಸನ್ನೆ ಇತ್ತು: ಮೊದಲ ಮೆಟ್ಟಿಲಾದ ಷಡ್ಜಕ್ಕೆ ಮುಷ್ಟಿ, ಮೂರನೆಯದಾದ ಗಾಂಧಾರಕ್ಕೆ ಅಂಗೈ ನೆಲದ ಕಡೆ ಮಾಡಿ ಚಾಚುವುದು, ಹೀಗೆ. ಅವರು ಕೈ ಮೇಲಕ್ಕೆತ್ತಿ ಸನ್ನೆ ಮಾಡಿದರೆ ಹುಡುಗಿಯರು ಆ ಸ್ವರ ಹಾಡಬೇಕು. ಬಾಯಿ ಬಿಡದ ಹೆಂಗಸೊಬ್ಬರು ಬರೀ ಕೈಯಾಡಿಸಿ ಹದಿನೆಂಟು ಗಂಟಲುಗಳಿಂದ ಸ್ವರ ಹೊರಡಿಸುವುದನ್ನು ನೋಡುತ್ತ ನನಗೇ ಮೈ ಜುಮ್ಮೆನ್ನುತ್ತಿತ್ತು.

ಮೂರನೆಯದಾಗಿ ಕಲಿಸಿದ್ದು ಸುಮ್ಮನಿರುವುದು. ಹಾಡಿನ ನಡುವೆ ನಾಲ್ಕು ಮಾತ್ರೆಯ ಮೌನ ಬರುತ್ತಿತ್ತು. ಹುಡುಗಿಯರು ಅದನ್ನು ಹಾರಿಬಿಡುತ್ತಿದ್ದರು. ಸಿಸ್ಟರು ಬರೆದರು: "ಮೌನವೂ ಹಾಡಬೇಕಾದ್ದೇ. ಅದನ್ನು ಪೂರ್ತಿ ಹಾಡಿ." ಮಾತು ನಿಂತುಹೋದವರು ಬರೆದ ಮಾತಾದ್ದರಿಂದ ನಾನು ಅದನ್ನು ಓದುವಾಗ ತಡವರಿಸಿದೆ.

ಶ್ರಾವಣದ ಹೊತ್ತಿಗೆ ಎರಡು ಗುಂಪೂ ತಮ್ಮ ತಮ್ಮ ಸಾಲನ್ನು ಚೆನ್ನಾಗಿ ಕಲಿತವು. ಮೇಲಿನ ಸ್ವರ ಹಾಡುವ ಗುಂಪಿಗೆ ಪಾವಗಡದ ಕಡೆಯ ಒಬ್ಬ ಹುಡುಗಿ ಮುಂದಾಳು. ಮನೆಮಾತು ತೆಲುಗು, ಧ್ವನಿ ಗಾಜಿನಷ್ಟು ತಿಳಿ. ಕೆಳಗಿನ ಗುಂಪಿಗೆ ಹುಲಿಕುಂಟೆಯ ಕುರಿಗಾರರ ಮನೆಯ ಹುಡುಗಿ, ಹನ್ನೆರಡು ವರ್ಷ, ಹಿಡಿದ ಸ್ವರ ಬಿಡದವಳು. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸೊಗಸು. ಒಟ್ಟಿಗೆ ಹಾಡಿಸಿದ ದಿನ ಎರಡನೆಯ ಸಾಲು ಮುಗಿಯುವುದರೊಳಗೆ ಕೆಳಗಿನವರೆಲ್ಲ ಮೇಲಿನವರ ಜೊತೆ ಸೇರಿಬಿಟ್ಟರು. ಹುಲಿಕುಂಟೆಯ ಹುಡುಗಿ ಒಬ್ಬಳೇ ತನ್ನ ಸ್ವರದಲ್ಲಿ ಉಳಿದು, ತಪ್ಪು ತನ್ನದೇ ಎಂದುಕೊಂಡು ಅಳತೊಡಗಿದಳು.

ಆಮೇಲೆ ಏನೇನು ಮಾಡಲಿಲ್ಲ! ಕಿವಿಯಲ್ಲಿ ಬೆರಳಿಟ್ಟುಕೊಂಡು ಹಾಡಿಸಿದೆವು. ಒಂದು ಗುಂಪನ್ನು ಕೋಣೆಯ ಹೊರಗೆ ನಿಲ್ಲಿಸಿ, ದಿನಕ್ಕೊಂದು ಗೇಣು ಬಾಗಿಲು ತೆರೆಯುತ್ತ ಬಂದೆವು. ಗೋಡೆಗೆ ಮುಖ ಮಾಡಿಸಿದೆವು. ಒಂದು ತಿಂಗಳ ನಂತರ ಯಾರೂ ಜಾರದೆ ಕೊನೆಯವರೆಗೆ ಹಾಡಿದರು. ಆದರೆ ಅದು ಕೇಳುವ ಹಾಗಿರಲಿಲ್ಲ. ತಮ್ಮ ಸ್ವರ ಉಳಿಸಿಕೊಳ್ಳಲು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು, ಕತ್ತಿನ ನರ ಉಬ್ಬುತ್ತಿತ್ತು. ಮುಖ್ಯವಾದ ಜಾಗ ಎರಡನೆಯ ಸಾಲಿನ ಕೊನೆ. ಅಲ್ಲಿ ಕೆಳಗಿನವರು ಮೇಲಿನ ಸ್ಥಾಯಿಯ ಷಡ್ಜದಲ್ಲಿ, ಮೇಲಿನವರು ಅದರ ಗಾಂಧಾರದಲ್ಲಿ ಎಂಟು ಮಾತ್ರೆ ನಿಲ್ಲಬೇಕು. ಆ ಎಂಟು ಮಾತ್ರೆಯೂ ಗಾಳಿಯಲ್ಲಿ ಏನೋ ನಡುಗುತ್ತಿತ್ತು, ತಗಡು ಅಲುಗಿದ ಹಾಗೆ. ಸಿಸ್ಟರು ಸ್ಲೇಟಿನ ಮೇಲೆ ಬರೆದದ್ದನ್ನು ಹುಡುಗಿಯರಿಗೆ ನಾನು ಓದಲಿಲ್ಲ: "ಇದು ಹಾಡಲ್ಲ, ಜಗಳ."

ಆ ವಾರ ನಾನು ಒಳಗೊಳಗೇ ಸೋತಿದ್ದೆ. ಎರಡು ಸ್ವರ ಒಟ್ಟಿಗೆ ನುಡಿಸಿದರೆ ಹೀಗೇ ಆಗುವುದು, ತಂದೆ ಹೇಳಿದ್ದೇ ಸರಿ, ನಮ್ಮ ಮಕ್ಕಳ ಗಂಟಲು ಇದಕ್ಕೆ ಒಗ್ಗುವುದಿಲ್ಲ ಎನಿಸಿತ್ತು. ಹಾಗಂತ ಮದರ್‌ಗೆ ಹೇಳಿಬಿಡುವುದೆಂದೂ ಯೋಚಿಸಿದ್ದೆ.

ಅಷ್ಟರಲ್ಲಿ ಹಾರ್ಮೋನಿಯಂ ಕೆಟ್ಟಿತು. ಹಾಡಿನ ಮಧ್ಯದಲ್ಲೇ ಅದರ ಗಾಳಿ ಊದುವ ತಿದಿಯ ಚರ್ಮ ಹರಿದು, ಉಸ್ಸೆಂದು ನಿಂತುಹೋಯಿತು. ಹುಡುಗಿಯರು ಗಮನಿಸದೆ ಮೂರು ನಾಲ್ಕು ಮಾತ್ರೆ ಮುಂದುವರಿಸಿದರು. ಆ ಮೂರು ನಾಲ್ಕು ಮಾತ್ರೆಯಲ್ಲಿ ತಗಡಿನ ನಡುಕ ಕಡಿಮೆಯಾಯಿತು. ನಾನು ಸಿಸ್ಟರ ಕಡೆ ನೋಡಿದೆ. ಅವರೂ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

ಶಿರಾದಿಂದ ವಾದ್ಯ ರಿಪೇರಿ ಮಾಡುವ ಸಾಹೇಬರೊಬ್ಬರನ್ನು ಕರೆಸಿದರು. ಪೆಟ್ರೋಲ್ ಸಿಗದ ಆ ಯುದ್ಧಕಾಲದ ಇದ್ದಲ ಗ್ಯಾಸಿನ ಬಸ್ಸಿನಲ್ಲಿ ಕೂತು ಮುಖವೆಲ್ಲ ಮಸಿ ಮಾಡಿಕೊಂಡು ಬಂದರು. ಅವರು ತಿದಿಗೆ ಹೊಸ ಚರ್ಮ ಅಂಟಿಸುತ್ತಿದ್ದಾಗ ನಾನು ನನ್ನ ಅನುಮಾನ ಹೇಳಿದೆ: ಈ ಪೆಟ್ಟಿಗೆಯ ಗಾಂಧಾರ ಕೂದಲೆಳೆಯಷ್ಟು ಮೇಲಿದೆ, ನನ್ನ ಗಂಟಲಿಗೆ ಬರುವ ಗಾಂಧಾರ ಇದಲ್ಲ, ಎಂದೆ. ನನ್ನನ್ನು ತಪ್ಪು ಎನ್ನುತ್ತಾರೆಂದುಕೊಂಡಿದ್ದೆ. ಅವರು ತಲೆಯಾಡಿಸಿ ಹೇಳಿದರು:

"ಸಹೀ ಮಾತು ಅಮ್ಮ. ಪೆಟ್ಟಿಗೆ ಖರಾಬ್ ಆಗಿಲ್ಲ, ಮಾಡೋದೇ ಹಿಂಗೆ. ಕರೀದೋ ಬಿಳೀದೋ, ಯಾವ ಮನೆ ಒತ್ತಿ ಸುರು ಮಾಡಿದ್ರೂ ಹಾಡು ಬರ್ಬೇಕಲ್ಲ? ಅದ್ಕೆ ಒಂದೊಂದು ಸುರ್‌ನಲ್ಲೂ ಥೋಡಾ ಥೋಡಾ ಕದ್ದಿರ್ತಾರೆ. ಎಲ್ಲಾರ್ಗೂ ಆಗ್ತದೆ, ಯಾರ್ಗೂ ಪೂರಾ ಆಗಲ್ಲ."

ಆ ಶನಿವಾರ ಕೊರಟಗೆರೆಗೆ ಹೋಗಿ ತಂದೆಯ ತಂಬೂರಿ ಕೊಡಿ ಎಂದು ಕೇಳಿದೆ. ಅದಕ್ಕೆ ಮನೆಯಲ್ಲಿ ಆಗಲೂ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಅದನ್ನು ಪಾದ್ರಿಗಳ ಶಾಲೆಗೆ ಒಯ್ಯುವುದೇ ಎಂದು ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟರು. ಅಮ್ಮ ತಾನೇ ಎದ್ದು ಹಳೆಯ ಕಂಬಳಿಯಲ್ಲಿ ಅದನ್ನು ಸುತ್ತುತ್ತ ಹೇಳಿದಳು: "ತಗಂಡೋಗು. ಬಸ್ನಾಗೆ ಮಡ್ಲಲ್ಲೇ ಮಡಿಕ್ಕೊ. ಸೋರೆ ಬುರುಡೆ ಬಿರುಕು ಬುಟ್ರೆ ನಿಮ್ಮಪ್ಪ ಬಂದು ಕೇಳಲ್ಲ, ನಾನು ಕೇಳ್ತೀನಿ."

ಸೋಮವಾರ ಕಲ್ಲಿನ ಕೋಣೆಯಲ್ಲಿ ತಂಬೂರಿಯನ್ನು ಶ್ರುತಿ ಮಾಡಿದೆ. ನಾಲ್ಕನೆಯ ತಂತಿ, ದಪ್ಪನೆಯ ಹಿತ್ತಾಳೆಯದು, ಅದನ್ನು ಮೀಟಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದರೊಳಗಿನಿಂದ ಗಾಂಧಾರ ತಾನಾಗಿ ಕೇಳಿಸುತ್ತದೆ. ಯಾರೂ ಆ ಸ್ವರವನ್ನು ಮೀಟಿರುವುದಿಲ್ಲ. ಷಡ್ಜದ ಹೊಟ್ಟೆಯಲ್ಲೇ ಅದು ಇರುತ್ತದೆ. ಸಿಸ್ಟರಿಗೆ ಅದನ್ನು ಕೇಳಿಸಿ, ಆಮೇಲೆ ಹಾರ್ಮೋನಿಯಂನ ಗಾಂಧಾರ ಒತ್ತಿದೆ. ಎರಡರ ನಡುವೆ ಅದೇ ತಗಡಿನ ನಡುಕ. ಸಿಸ್ಟರು ಹಾರ್ಮೋನಿಯಂನ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು ಕೂತುಬಿಟ್ಟರು. ಮಕ್ಕಳ ಒಂದು ಕಿವಿ ಪೆಟ್ಟಿಗೆಯ ಕಡೆ, ಇನ್ನೊಂದು ತಮ್ಮ ಗಂಟಲಿನ ಕಡೆ ಎಳೆಯುತ್ತಿತ್ತು ಎಂಬುದು ಇಬ್ಬರಿಗೂ ಆಗಲೇ ಅರ್ಥವಾಯಿತು. ಅವರು ಬರೆದರು: "ಇನ್ನು ಇದು ಬೇಡ. ನಿಮ್ಮದನ್ನೇ ಮೀಟಿ."

ತಂಬೂರಿಗೆ ಹುಡುಗಿಯರು ಒಂದೇ ವಾರದಲ್ಲಿ ಹೊಂದಿಕೊಂಡರು. ಕೂಗುವುದು ನಿಂತಿತು. ಎರಡನೆಯ ಸಾಲಿನ ಕೊನೆಯ ಷಡ್ಜ ಗಾಂಧಾರಗಳು ಒಂದರ ಪಕ್ಕದಲ್ಲೊಂದು ಅಲುಗದೆ ನಿಲ್ಲತೊಡಗಿದವು. ಒಂದು ಬೆಳಿಗ್ಗೆ, ಆಸರೆ ಇಲ್ಲದೆ ನಿಲ್ಲುತ್ತಾರೆಯೇ ನೋಡೋಣವೆಂದು ಅದೇ ಜಾಗದಲ್ಲಿ ತಂತಿಗಳ ಮೇಲೆ ಅಂಗೈಯಿಟ್ಟು ತಂಬೂರಿಯನ್ನು ನಿಲ್ಲಿಸಿದೆ.

ಅದು ನಿಲ್ಲಲಿಲ್ಲ. ದಪ್ಪ ತಂತಿಯ ಆ ಆಳದ ಷಡ್ಜ ಕೋಣೆಯಲ್ಲಿ ಕೇಳಿಸುತ್ತಲೇ ಇತ್ತು. ಅಂಗೈ ಒತ್ತಿದೆ. ತಂತಿಗಳು ತಣ್ಣಗಿದ್ದವು, ಕದಲುತ್ತಿರಲಿಲ್ಲ. ಬುರುಡೆಗೆ ಕೆನ್ನೆಯಿಟ್ಟೆ. ಅಲ್ಲಿ ಏನೂ ಇಲ್ಲ. ಧ್ವನಿ ಮಾತ್ರ ಇತ್ತು, ಮಕ್ಕಳ ತಲೆಗಳ ನಡುವೆ ಎಲ್ಲೋ, ಒಬ್ಬ ದೊಡ್ಡ ಮನುಷ್ಯ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ.

ಪಾವಗಡದ ಹುಡುಗಿ ಹಾಡುವುದನ್ನು ಬಿಟ್ಟು ಹಿಂದೆ ತಿರುಗಿದಳು. ಅವಳು ಬಿಟ್ಟದ್ದೇ ಗುಂಪು ಕದಲಿ, ಧ್ವನಿ ಮಾಯವಾಯಿತು.

"ಎವರೋ ಪಾಡ್ತುನ್ನಾರು," ಎಂದಳು. ಗಾಬರಿಯಲ್ಲಿ ಕನ್ನಡ ಮರೆತು, ಯಾರೋ ಹಾಡುತ್ತಿದ್ದಾರೆಂದು ತೆಲುಗಿನಲ್ಲೇ ಹೇಳಿದ್ದಳು. ಹುಲಿಕುಂಟೆಯವಳು ಮೆಲ್ಲಗೆ, "ಹೂಂ ಟೀಚರಮ್ಮ, ಯಾರೋ ಗಂಡಸು. ಇಲ್ಲೇ ಅವ್ನೆ," ಎಂದಳು.

ನಾನು ಕಿಟಕಿಯ ಹೊರಗೆ ನೋಡಿದೆ. ಬಿಸಿಲಲ್ಲಿ ಬೆಟ್ಟದ ಬಂಡೆ, ಬಾವಿಯ ಬಳಿ ಒಗೆದು ಹರವಿದ ಬಟ್ಟೆ. ಯಾರೂ ಇರಲಿಲ್ಲ. ಸಿಸ್ಟರ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು. ಬಳಪ ಹಿಡಿದು ಬರೆದರು: "ಹೆದರಬೇಡಿ. ಎರಡು ಸ್ವರ ಕಳ್ಳತನವಿಲ್ಲದೆ ಸೇರಿದರೆ ಮೂರನೆಯದು ತಾನಾಗಿ ಹುಟ್ಟುತ್ತದೆ. ಎಳೆಯ ಸನ್ಯಾಸಿನಿಯಾಗಿದ್ದಾಗ ಒಮ್ಮೆ ಕೇಳಿದ್ದೆ. ಮತ್ತೆ ಕೇಳುತ್ತೇನೆಂದುಕೊಂಡಿರಲಿಲ್ಲ."

ನಾನು ಓದಿ ಹೇಳಿದೆ. ಆಮೇಲೆ ಹುಲಿಕುಂಟೆಯವಳು ಕೇಳಿದಳು: "ಇನ್ನೊಂದ್ಸಲ ಕರೆಯಾನ?"

ಕರೆದರು. ಮೂರನೆಯ ಪ್ರಯತ್ನಕ್ಕೆ ಬಂತು. ಅಂದಿನಿಂದ ಅವರಿಗೆ ನಾನು ಏನನ್ನೂ ತಿದ್ದಬೇಕಾಗಲಿಲ್ಲ. ಒಬ್ಬಳು ಜೋರಾದರೆ ಅದು ಬರುತ್ತಿರಲಿಲ್ಲ, ಒಬ್ಬಳು ಸೋಮಾರಿಯಾದರೂ ಬರುತ್ತಿರಲಿಲ್ಲ. ಅದಕ್ಕಾಗಿ ಪ್ರತಿಯೊಬ್ಬಳೂ ಪಕ್ಕದವಳಿಗೆ ಕಿವಿಗೊಡುತ್ತ ಹಾಡತೊಡಗಿದಳು. ಮೂವತ್ತು ದಿನ ಬೆರಳು ಕಿವಿಯಲ್ಲಿಡಿಸಿ ನಾವು ಕಲಿಸಿದ್ದು ಸರಿಯಾಗಿ ಇದಕ್ಕೆ ವಿರುದ್ಧವಾದದ್ದನ್ನು.

ಆದರೆ ಇಂಥ ಸುದ್ದಿ ಶಾಲೆಯ ಗೋಡೆಯೊಳಗೆ ನಿಲ್ಲುವುದೇ? ದಸರೆಗೆ ಊರಿಗೆ ಹೋದ ಹುಡುಗಿಯರು ಹೇಳಿಕೊಂಡರು. ಬಡವನಹಳ್ಳಿ ಸಂತೆಯಲ್ಲಿ ಅದು ಬಾಯಿಂದ ಬಾಯಿಗೆ ದಾಟಿ, ಮಧುಗಿರಿಯ ಕಾನ್ವೆಂಟಿನ ಕಣಜದಲ್ಲಿ ಕಾಣದ ಗಂಡಸೊಬ್ಬ ಹೆಣ್ಣುಮಕ್ಕಳ ಜೊತೆ ಹಾಡುತ್ತಾನೆ ಎಂದಾಯಿತು. ಹಬ್ಬ ಮುಗಿದು ಶಾಲೆ ತೆರೆದಾಗ ಐದು ಹುಡುಗಿಯರು ಬರಲಿಲ್ಲ. ಮಾರನೆಯ ದಿನ ಹುಲಿಕುಂಟೆಯ ಹುಡುಗಿಯ ಅಜ್ಜಿ ಬಂದಿಳಿದಳು, ಮೊಮ್ಮಗಳ ಬಟ್ಟೆಗಂಟು ಕಟ್ಟಿಸಿ ಅವಳನ್ನು ಕರೆದುಕೊಂಡು ಹೋಗಲು.

ಮದರ್ ನಮ್ಮಿಬ್ಬರನ್ನೂ ಕರೆದರು. ಆ ಕೋಣೆ ಬಿಡಿ, ಆ ಸಾಲು ತೆಗೆದುಹಾಕಿ, ಎಲ್ಲರೂ ಒಂದೇ ಸ್ವರದಲ್ಲಿ ಸರಳವಾದ ಗೀತೆ ಹಾಡಲಿ, ಮಕ್ಕಳು ಹೋದರೆ ಶಾಲೆ ಯಾರಿಗಾಗಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಿಸ್ಟರು ಸ್ಲೇಟು ಎತ್ತಲಿಲ್ಲ. ವಿಧೇಯತೆ ಅವರ ವ್ರತ. ನನಗೆ ವ್ರತವಿರಲಿಲ್ಲ. ಮುಚ್ಚಿಟ್ಟದ್ದಕ್ಕೆ ದೆವ್ವವಾಯಿತು, ತೆರೆದಿಡೋಣ ಎಂದೆ. ಅಜ್ಜಿ ಕೋಣೆಯೊಳಗೆ ಕೂತು ಕೇಳಲಿ. ಕೇಳಿಯೂ ಕರೆದುಕೊಂಡು ಹೋದರೆ ಆ ಸಾಲನ್ನು ನಾನೇ ಅಳಿಸುತ್ತೇನೆ. ಮದರ್ ತಾವೂ ಬರುವುದಾಗಿ ಹೇಳಿ ಎದ್ದರು.

ಅಜ್ಜಿ ಕುರ್ಚಿ ಬೇಡವೆಂದು ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಉಳಿದಿದ್ದವರು ಹದಿಮೂರು ಹುಡುಗಿಯರು. ಅಜ್ಜಿಯ ಮುಂದೆ ಮೊಮ್ಮಗಳ ಧ್ವನಿ ಮೊದಲು ನಡುಗಿತು. ಎರಡನೆಯ ಸಾಲು ಬಂತು, ಷಡ್ಜ ನಿಂತಿತು, ಗಾಂಧಾರ ಅದರ ಮೇಲೆ ಕೂತಿತು. ಐದನೆಯ ಮಾತ್ರೆಯವರೆಗೆ ಏನೂ ಇಲ್ಲ. ಆರನೆಯದಕ್ಕೆ ಆ ಆಳದ ಧ್ವನಿ ನೆಲದಿಂದ ಎದ್ದ ಹಾಗೆ ಬಂತು.

ಮದರ್ ಶಿಲುಬೆ ಹಿಡಿದುಕೊಂಡರು. ಅಜ್ಜಿ ಹೆದರಲಿಲ್ಲ. ತಲೆಯನ್ನು ಒಂದು ಬದಿಗೆ ವಾಲಿಸಿ, ಹಾಡು ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನನ್ನು ನೋಡಿ ಹೇಳಿದಳು:

"ಇದು ಗಾಳಿನೂ ಅಲ್ಲ, ದೆವ್ವನೂ ಅಲ್ಲ ಕಣವ್ವ. ನಾನೂ ನಮ್ಮಕ್ಕನೂವೆ ಎದ್ರುಬದ್ರು ಕೂತು ರಾಗಿ ಬೀಸುವಾಗ ಒಂದೊಂದ್ಸಲ ಬತ್ತಿತ್ತು. ಕಲ್ಲೂ ಜತೆಗೆ ಹಾಡ್ತದೆ ಅಂತಿದ್ಲು ನಮ್ಮವ್ವ. ಅಕ್ಕ ಹೋದ್ಮೇಲೆ ಒಬ್ಳೇ ಎಷ್ಟು ಹಾಡಿದ್ರೂ ಬರ್ನಿಲ್ಲ. ಇವತ್ತು ಕೇಳ್ದೆ."

ಗಂಟನ್ನು ಮೊಮ್ಮಗಳ ಕೈಗೆ ವಾಪಸು ಕೊಟ್ಟಳು. "ಹಾಡು, ಹೋಗು," ಎಂದಳು, ಅಷ್ಟೇ. ಅವಳು ಸುಮ್ಮನೆ ಊರಿಗೂ ಹೋಗಲಿಲ್ಲ. ದಾರಿಯಲ್ಲಿ ಬಡವನಹಳ್ಳಿಯಲ್ಲಿ ಇಳಿದು, ಮಗಳನ್ನು ಶಾಲೆ ಬಿಡಿಸಿದ್ದ ಒಂದು ಮನೆಗೆ ಹೋಗಿ ಬೈದು ಬಂದಳೆಂದು ಆಮೇಲೆ ತಿಳಿಯಿತು. ಹದಿನೈದು ದಿನಗಳಲ್ಲಿ ನಾಲ್ವರು ಹಿಂತಿರುಗಿದರು. ಒಬ್ಬಳು ಬರಲೇ ಇಲ್ಲ. ಅವಳಿಗೆ ಮದುವೆ ನಿಶ್ಚಯವಾಗಿತ್ತು.

ಕಾರ್ತೀಕದ ಆ ಭಾನುವಾರ ಪ್ರಾರ್ಥನಾಲಯದಲ್ಲಿ ಹಸಿ ಸುಣ್ಣದ ವಾಸನೆ. ಒಳಗೆ ಹಾರ್ಮೋನಿಯಂ ಬೇಡ ಎಂದು ನಾವು ಕೇಳಿಕೊಂಡಿದ್ದೆವು, ತಂಬೂರಿ ಬೇಡ ಎಂದು ಮದರ್ ಹೇಳಿದ್ದರು. ಹಾಗಾಗಿ ಏನೂ ಇಲ್ಲದೆ ಹಾಡುವುದೆಂದಾಯಿತು. ಸಿಸ್ಟರು ಎರಡು ಕವಲಿನ ಉಕ್ಕಿನ ಶ್ರುತಿಕಡ್ಡಿಯನ್ನು ಮೊಣಕಾಲಿಗೆ ತಟ್ಟಿ ನನ್ನ ಕಿವಿಯ ಹತ್ತಿರ ಹಿಡಿದರು. ನಾನು ಹುಡುಗಿಯರಿಗೆ ಷಡ್ಜ ಕೊಟ್ಟೆ. ಹದಿನೇಳು ಜನ ಒಂದು ತಪ್ಪಿಲ್ಲದೆ ಹಾಡಿದರು. ಆದರೆ ಮೂರನೆಯ ಧ್ವನಿ ಬರಲಿಲ್ಲ. ಗೋಡೆಯಿಂದ ಗೋಡೆಗೆ ಜನ ಕಿಕ್ಕಿರಿದಿದ್ದರು. ಅಷ್ಟು ಸೀರೆ, ಶಾಲು, ರುಮಾಲುಗಳು ಅದನ್ನು ಹೀರಿಬಿಟ್ಟವು. ಬಿಷಪ್ಪರು ಮೆಚ್ಚಿ ಮಕ್ಕಳ ತಲೆ ಸವರಿದರು. ಕಳೆದುಹೋದದ್ದು ಏನೆಂದು ನಮಗೆ ಮಾತ್ರ ಗೊತ್ತಿತ್ತು. ಪಾವಗಡದ ಹುಡುಗಿ ಊಟಕ್ಕೂ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದಳು.

ಮಧ್ಯಾಹ್ನ ಜನವೆಲ್ಲ ಚದುರಿದ ಮೇಲೆ ಸಿಸ್ಟರು ಹುಡುಗಿಯರನ್ನು ಮತ್ತೆ ಒಳಗೆ ಕರೆದರು. ಹಿಂದಿನ ವಾರವಷ್ಟೇ ಡಾಕ್ಟರು ಅವರಿಗೆ ಮಾತಾಡಲು ಅನುಮತಿ ಕೊಟ್ಟಿದ್ದರು. ಹಾಡುವ ಧ್ವನಿ ಹೋಗಿತ್ತು. ಉಳಿದಿದ್ದದ್ದು ಒಣ ಎಲೆ ಉಜ್ಜಿದಂಥ ಪಿಸುಮಾತು. ಅದರಲ್ಲೇ ನನಗೆ ಹೇಳಿದರು: "ನಾಲ್ಕು ತಿಂಗಳು ನೀವು ಅವರ ಎದುರಿಗೆ ನಿಂತಿರಿ. ಇವತ್ತು ಅವರ ಒಳಗೆ ಹೋಗಿ ನಿಲ್ಲಿ."

ನಿಜ. ಎರಡು ಸಾಲನ್ನೂ ನಾನೇ ಕಲಿಸಿದ್ದೆ, ಆದರೆ ಒಂದನ್ನು ಹಿಡಿದು ಇನ್ನೊಂದರ ಜೊತೆ ಒಮ್ಮೆಯೂ ಹಾಡಿರಲಿಲ್ಲ. ಹುಲಿಕುಂಟೆಯ ಹುಡುಗಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಸಿಸ್ಟರ ಕೈ ಮೇಲೆದ್ದಿತು.

ಮೊದಲ ಸಾಲಿನಲ್ಲಿ ನಾನೇ ಎರಡು ಸಲ ಜಾರಿದೆ. ಪಕ್ಕದವಳು ನನ್ನ ಕಡೆ ನೋಡದೆ, ತನ್ನ ಸ್ವರವನ್ನು ನನ್ನ ಕಿವಿಗೆ ಸ್ವಲ್ಪ ಹತ್ತಿರ ತಂದಳು. ಹಿಡಿದುಕೊಂಡೆ. ಎರಡನೆಯ ಸಾಲಿನ ಕೊನೆಗೆ ಬಂದೆವು. ನನ್ನ ಬಾಯಲ್ಲಿ ಷಡ್ಜವಿತ್ತು, ಮೇಲೆ ಎಲ್ಲೋ ಗಾಂಧಾರ. ಆಮೇಲೆ ಅದು ಬಂತು. ಈ ಸಲ ಗಾಳಿಯಲ್ಲಲ್ಲ, ನನ್ನ ದವಡೆಯಲ್ಲಿ, ಎದೆಯ ಮೂಳೆಯಲ್ಲಿ, ಅಂಗಾಲ ಕೆಳಗಿನ ಕಲ್ಲಿನಲ್ಲಿ. ನನ್ನ ಧ್ವನಿ ಯಾವುದು ಎಂದು ಹುಡುಕಿದೆ, ಸಿಗಲಿಲ್ಲ. ಹದಿನೆಂಟು ಜನರಲ್ಲಿ ಯಾರದ್ದೂ ಸಿಗಲಿಲ್ಲ. ಅದೊಂದೇ ಇತ್ತು, ನಾವೆಲ್ಲ ಅದರೊಳಗೆ ನಿಂತಿದ್ದೆವು.

ಎಷ್ಟು ಹೊತ್ತೋ ತಿಳಿಯದು. ಯಾರೋ ನನ್ನ ಸೆರಗು ಜಗ್ಗಿದರು. ನೋಡಿದರೆ ಹುಲಿಕುಂಟೆಯ ಹುಡುಗಿ.

"ಟೀಚರಮ್ಮ," ಎಂದಳು ಮೆಲ್ಲಗೆ, "ಆಗೋಯ್ತು. ನೀವೊಬ್ರೇ ಹಾಡ್ತಾ ಇದ್ದೀರ."